ಸಿಡಿಗೆ ಬೀಗ ಹಾಕುವುದೋ, ಹೆಸರು ಹಾಕಿಸುವುದೋ?

ಮಳೆಗಾಲ ಶುರುವಾಗುವ ಮುಂಚೆ ಹೊಸನಗರ ಕಡೆಯವರೊಬ್ಬರು ನಮ್ಮ ಅಂಗಡಿಗೆ ಬಂದರು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದು ಸಣ್ಣ ಅಂಗಡಿ. ಡಿಟಿಪಿ, ವಿಡಿಯೋ ಎಡಿಟಿಂಗ್, ಸಿಡಿ ಬರೆದು ಕೊಡುವುದು, ಇಷ್ಟೇ ಕೆಲಸ. ಬಂದವರು ಅಡಿಕೆ ಬೆಳೆಗಾರರಿಗೆ ಊರೂರು ತಿರುಗಿ ತರಬೇತಿ ಕೊಡುವವರು. ಕೊಳೆರೋಗ, ಎಲೆಚುಕ್ಕೆ, ಹಳದಿ ಎಲೆ, ಎಲ್ಲದರ ಫೋಟೋನೂ ಅವರೇ ತೆಗೆದದ್ದು. ಹನ್ನೆರಡು ವರ್ಷದ ಓಡಾಟ ಸೇರಿ 140 ಸ್ಲೈಡ್ ಆಗಿತ್ತು.

"ನಲವತ್ತು ಸಿಡಿ ಬೇಕು. ಸಂಘಗಳಿಗೆ ಕೊಡೋದಕ್ಕೆ. ಆದ್ರೆ ಯಾರೂ ಕಾಪಿ ಹೊಡೀಬಾರ್ದು. ಎಂತಾದ್ರೂ ಮಾಡ್ಕೊಡಿ ಮಾರಾಯ್ರೆ."

ಆಮೇಲೆ ಕಥೆ ಹೊರಗೆ ಬಂತು. ಯಾವುದೋ ಸಭೆಗೆ ಹೋಗಿದ್ದಾಗ ಔಷಧಿ ಮಾರುವವರೊಬ್ಬರು ಪರದೆ ಮೇಲೆ ಇವರದೇ ಫೋಟೋ ತೋರಿಸುತ್ತಿದ್ದರಂತೆ. ಕೆಳಗಿದ್ದ ಹೆಸರಿನ ಪಟ್ಟಿ ಕತ್ತರಿಸಿ ಹೋಗಿತ್ತು. ಆದರೆ ಮೂಲೆಯಲ್ಲಿ ಇವರ ಮನೆ ನಾಯಿಯ ಬಾಲ ಹಾಗೇ ಉಳಿದಿತ್ತು. "ನಮ್ಮ ಕಾಳುವಿನ ಬಾಲ ನಂಗೆ ಗೊತ್ತಾಗಲ್ವಾ?" ಅಂದರು. ನಗು ಬಂತು. ಆದರೆ ಅವರ ಮುಖ ನೋಡಿ ನಗಲಿಲ್ಲ.

ಈ ಪ್ರಶ್ನೆ ನನಗೆ ಹೊಸದಲ್ಲ. ಟ್ಯೂಷನ್ ಮೇಷ್ಟ್ರು, ಯಕ್ಷಗಾನ ಕಲಿಸುವವರು, ಕಪ್ಪೆ ಚಿಟ್ಟೆ ಫೋಟೋ ತೆಗೆಯುವವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಯಾವ ದಾರಿಯಲ್ಲಿ ಎಷ್ಟು ಹುರುಳಿದೆ, ಯಾವುದು ಬರೀ ಸಮಾಧಾನಕ್ಕೆ ಅಂತ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಪಿಯೇ ಆಗದ ಸಿಡಿ ಅಂತ ಯಾವುದೂ ಇಲ್ಲ. ಪರದೆ ಮೇಲೆ ತೋರಿಸಬೇಕು ಅಂದರೆ ಕಂಪ್ಯೂಟರ್ ಅದನ್ನು ಓದಲೇಬೇಕು. ಓದಿದ್ದನ್ನು ಬರೆದಿಡಬೇಡ ಅಂದರೆ ಯಂತ್ರಕ್ಕೆ ಅದು ಅರ್ಥವಾಗುವ ಮಾತಲ್ಲ. ಅದೂ ಬೇಡ, ಎದುರಿಗೆ ಕೂತವನ ಜೇಬಿನಲ್ಲಿ ಮೊಬೈಲ್ ಇದೆ. ಕ್ಯಾಮೆರಾ ಎತ್ತಿ ಒತ್ತಿದರೆ ಮುಗಿಯಿತು. ಹಾಗಾಗಿ ಕೇಳಿಕೊಳ್ಳಬೇಕಾದ್ದು ಇಷ್ಟೇ: ನಿಮಗೆ ಹೆದರಿಕೆ ಇರುವುದು ಯಾರ ಬಗ್ಗೆ? ಯೋಚನೆಯಿಲ್ಲದೆ ಪಕ್ಕದ ಮನೆಯವರಿಗೆ ಕಾಪಿ ಮಾಡಿಕೊಡುವವರ ಬಗ್ಗೆಯಾ, ಅಥವಾ ನಿಮ್ಮ ಕೆಲಸ ತಂದು ತನ್ನದು ಅಂತ ತೋರಿಸುವವನ ಬಗ್ಗೆಯಾ? ಇಬ್ಬರಿಗೂ ಒಂದೇ ಮದ್ದಿಲ್ಲ.

"ಈ ಕಾಲದಲ್ಲಿ ಸಿಡಿ ಯಾಕೆ?" ಅಂತ ಕೆಲವರು ಕೇಳುತ್ತಾರೆ. ಪೆನ್ ಡ್ರೈವ್ ಕೊಟ್ಟರೆ ಅದರಲ್ಲಿದ್ದದ್ದನ್ನು ಅಳಿಸಿ ಮದುವೆ ವಿಡಿಯೋ ತುಂಬಿಸುತ್ತಾರೆ. ನಾಲ್ಕು ಕಡೆ ಚುಚ್ಚಿ ವೈರಸ್ ಹೊತ್ತು ವಾಪಸ್ ಬರುತ್ತದೆ. ಒಮ್ಮೆ ಬರೆದು ಮುಗಿಸಿದ ಡಿಸ್ಕ್ ಮಾತ್ರ ಹಾಗೇ ಇರುತ್ತದೆ. ಸಾಮಾನ್ಯ ಸಿಡಿಯಲ್ಲಿ 700 ಎಂಬಿ, ಡಿವಿಡಿಯಲ್ಲಿ 4.7 ಜಿಬಿ ಹಿಡಿಸುತ್ತದೆ. ಜನ ಎರಡಕ್ಕೂ ಸಿಡಿ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದಿಲ್ಲ ಅನ್ನುವುದೂ ನಿಜ. ಕೊಡುವ ಮುಂಚೆ ಅದನ್ನೊಂದು ಕೇಳಿಕೊಳ್ಳಿ. ಕೆಳಗೆ ಹೇಳುವುದರಲ್ಲಿ ಹೆಚ್ಚಿನದು ಪೆನ್ ಡ್ರೈವ್‌ಗೂ ಹೊಂದುತ್ತದೆ.

ಪವರ್‌ಪಾಯಿಂಟ್ ಕೊಡುವ ಬೀಗಗಳು

ಎಲ್ಲರೂ ಮೊದಲು ಹೋಗುವುದು ಇಲ್ಲಿಗೆ. ಪುಕ್ಕಟೆ, ಕೈಗೆ ಸಿಗುವಂಥದ್ದು.

'ಮಾರ್ಕ್ ಆ್ಯಸ್ ಫೈನಲ್' ಅಂತ ಒಂದಿದೆ. ಅದು ಬೀಗವೇ ಅಲ್ಲ. ಫೈಲ್ ತೆರೆದರೆ ಮೇಲೆ ಹಳದಿ ಪಟ್ಟಿ ಬರುತ್ತದೆ, 'ಪರವಾಗಿಲ್ಲ, ತಿದ್ದುತ್ತೇನೆ' ಅನ್ನುವ ಬಟನ್ ಅದರ ಪಕ್ಕದಲ್ಲೇ ಇರುತ್ತದೆ. ಬೇಲಿಗೆ ನೂಲು ಕಟ್ಟಿದ ಹಾಗೆ.

ಇನ್ನೊಂದು, ಪಿಪಿಎಸ್‌ಎಕ್ಸ್ ಆಗಿ ಉಳಿಸುವುದು. ಡಬಲ್ ಕ್ಲಿಕ್ ಮಾಡಿದರೆ ಸೀದಾ ಶೋ ಶುರುವಾಗುತ್ತದೆ, ತಿದ್ದುವ ಪರದೆ ಬರುವುದಿಲ್ಲ. ಸಭೆಯಲ್ಲಿ ತೋರಿಸೋದಕ್ಕೆ ಅಚ್ಚುಕಟ್ಟು. ಆದರೆ ಪವರ್‌ಪಾಯಿಂಟ್ ಒಳಗಿನಿಂದ 'ಓಪನ್' ಕೊಟ್ಟರೆ ಎಲ್ಲ ತೆರೆದುಕೊಳ್ಳುತ್ತದೆ. ಸುಮ್ನೆ ಫೈಲಿನ ಹೆಸರಿನ ಕೊನೆಯಲ್ಲಿರುವ ಪಿಪಿಎಸ್‌ಎಕ್ಸ್ ಅನ್ನು ಪಿಪಿಟಿಎಕ್ಸ್ ಅಂತ ಬದಲಿಸಿದರೂ ಸಾಕು.

ತಿದ್ದಲು ಮಾತ್ರ ಪಾಸ್‌ವರ್ಡ್ ಹಾಕುವ ಸೌಲಭ್ಯವೂ ಇದೆ. ನೋಡಬಹುದು, ತಿದ್ದುವ ಹಾಗಿಲ್ಲ. ಇದನ್ನು ತುಂಬ ಜನ ನಂಬುತ್ತಾರೆ. ಹೊಸನಗರದವರೂ ಇದನ್ನೇ ಹಾಕಿಕೊಂಡು ಬಂದಿದ್ದರು. ಅವರೆದುರಿಗೇ ಒಂದು ಕೆಲಸ ಮಾಡಿ ತೋರಿಸಿದೆ. ಫೈಲಿನ ಒಂದು ಕಾಪಿ ಮಾಡಿಕೊಂಡೆ. ಹೆಸರಿನ ಕೊನೆಯಲ್ಲಿದ್ದ ಪಿಪಿಟಿಎಕ್ಸ್ ಅಳಿಸಿ ಜಿಪ್ ಅಂತ ಬರೆದೆ. ವಿಂಡೋಸ್ ಒಂದು ಸಲ ಗೊಣಗಿತು, 'ಯೆಸ್' ಅಂದೆ. ಡಬಲ್ ಕ್ಲಿಕ್ ಮಾಡಿದೆ. ಒಳಗೆ 'ಪಿಪಿಟಿ' ಅಂತ ಫೋಲ್ಡರ್, ಅದರೊಳಗೆ 'ಮೀಡಿಯಾ'. ಅದನ್ನು ತೆರೆದರೆ ಅವರ ಕೊಳೆತ ಅಡಿಕೆ, ಉದುರಿದ ಕಾಯಿ, ಚುಕ್ಕೆ ಬಿದ್ದ ಸೋಗೆ, ಎಲ್ಲ ಸಾಲಾಗಿ ಮಲಗಿದ್ದವು. ಸ್ಲೈಡಿನಲ್ಲಿ ಅಂಚು ಕತ್ತರಿಸಿ ಹಾಕಿದ್ದ ಫೋಟೋಗಳು ಇಲ್ಲಿ ಕತ್ತರಿಸದೆ ಪೂರ್ತಿ ಇದ್ದವು. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಅಯ್ಯೋ, ಕಾಳು ಪೂರ್ತಿ ಇದ್ದಾನಲ್ರೀ ಇಲ್ಲಿ!" ಅಂದರು.

ಪಿಪಿಟಿಎಕ್ಸ್ ಅನ್ನುವುದೇ ಹಲವು ಫೈಲ್ ಒಟ್ಟಿಗೆ ಸೇರಿಸಿದ ಒಂದು ಜಿಪ್ ಕಟ್ಟು. ತಿದ್ದುವ ಪಾಸ್‌ವರ್ಡ್ ಹಾಕಿದರೂ ಕಟ್ಟು ಬಿಚ್ಚಿಯೇ ಇರುತ್ತದೆ. ಅಂಚು ಕತ್ತರಿಸಿದ ಫೋಟೋದ ಉಳಿದ ಭಾಗವೂ ಅಲ್ಲೇ ಕೂತಿರುತ್ತದೆ. ಅದು ಬೇಡವಾದರೆ 'ಕಂಪ್ರೆಸ್ ಪಿಕ್ಚರ್ಸ್' ಒತ್ತಿ, ಕತ್ತರಿಸಿದ ಭಾಗ ಅಳಿಸು ಅನ್ನುವುದಕ್ಕೆ ಟಿಕ್ ಹಾಕಬೇಕು. ಇದೊಂದನ್ನು ಯಾರಿಗೆ ಸ್ಲೈಡ್ ಕೊಡುವಾಗಲೂ ಮರೆಯಬೇಡಿ. ಕಳ್ಳತನದ ಮಾತು ಬಿಡಿ, ಕತ್ತರಿಸಿ ಬಿಸಾಕಿದ್ದೇವೆ ಅಂದುಕೊಂಡ ಫೋನ್ ನಂಬರ್, ಮನೆಯವರ ಮುಖ ಎಲ್ಲ ಬೇರೆಯವರ ಕೈಗೆ ಹೋಗಿಬಿಡುತ್ತದೆ.

ತೆರೆಯುವುದಕ್ಕೇ ಪಾಸ್‌ವರ್ಡ್ ಹಾಕಿದರೆ ಕಥೆ ಬೇರೆ. 2007ರಿಂದ ಈಚೆಗಿನ ಆಫೀಸ್‌ನಲ್ಲಿ ಅದು ಎಇಎಸ್ ಗೂಢಲಿಪಿ. ಫೈಲ್ ನಿಜವಾಗಿಯೂ ಕಲಸಿ ಹೋಗುತ್ತದೆ, ಜಿಪ್ ಆಟ ನಡೆಯುವುದಿಲ್ಲ. ಪಾಸ್‌ವರ್ಡ್ ಉದ್ದವಾಗಿದ್ದರೆ ಒಡೆಯುವುದು ಕಷ್ಟ. ಮರೆತರೆ ನಿಮಗೂ ಅಷ್ಟೇ ಕಷ್ಟ. ಆದರೆ ನಲವತ್ತು ಸಂಘಕ್ಕೆ ಕೊಟ್ಟಿರಿ ಅಂದರೆ ನಲವತ್ತು ಕಡೆ ಪಾಸ್‌ವರ್ಡ್ ಹೇಳಲೇಬೇಕಲ್ವಾ? ಹೇಳಿದ ಮೇಲೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಸಿಡಿ ಮೇಲೆಯೇ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿರುತ್ತಾರೆ.

ಪಿಡಿಎಫ್, ಮತ್ತೆ ನುಡಿ ಫಾಂಟ್‌ನ ತಮಾಷೆ

ಪಿಡಿಎಫ್‌ಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ತೆರೆಯುವುದಕ್ಕೆ, ಅದು ಗಟ್ಟಿ. ಇನ್ನೊಂದು ಪ್ರಿಂಟ್ ಮಾಡಬೇಡ, ಕಾಪಿ ಮಾಡಬೇಡ ಅಂತ ಹೇಳುವುದಕ್ಕೆ. ಈ ಎರಡನೆಯದು ಬೀಗವಲ್ಲ, ಬಿನ್ನಹ. ಅಡೋಬಿಯ ರೀಡರ್ ಆ ಮಾತು ಕೇಳುತ್ತದೆ. ಕೇಳದ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಅದೂ ಅಲ್ಲದೆ ಪಿಡಿಎಫ್ ಮಾಡಿದರೆ ಅನಿಮೇಷನ್, ವಿಡಿಯೋ, ಹಿನ್ನೆಲೆ ಮಾತು ಎಲ್ಲ ಹೋಗುತ್ತವೆ. ಬರೀ ಓದಿಕೊಳ್ಳಲು ಕೊಡುವುದಾದರೆ ಮಾತ್ರ ಇದು ಸರಿ.

ಒಂದು ಪಕ್ಕದ ಮಾತು. ಕನ್ನಡದವರಿಗೆ ಎಷ್ಟೋ ವರ್ಷ ಕೇಳದೇ ಸಿಕ್ಕ ಒಂದು ಕಾಪಿ ತಡೆ ಇತ್ತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಕೊಂಬು ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ ಬರುತ್ತಿತ್ತು. ಕದ್ದವನು ಕೂತು ಹೊಸದಾಗಿ ಟೈಪ್ ಮಾಡಬೇಕಿತ್ತು. ಎಲ್ಲ ಕಂಪ್ಯೂಟರಿಗೂ ಅಕ್ಷರ ಒಂದೇ ಥರ ತಿಳಿಯುವ ಯುನಿಕೋಡ್ ಬಂದು ಆ ಕಷ್ಟ ತಪ್ಪಿತು, ಕಳ್ಳನಿಗೂ ತಪ್ಪಿತು. ಹಾಗಂತ ಯಾರೂ ಹಳೇ ಫಾಂಟ್‌ಗೆ ಹೋಗಬೇಡಿ. ಆ ಸ್ಲೈಡನ್ನು ಫಾಂಟ್ ಇಲ್ಲದ ಬೇರೆ ಕಂಪ್ಯೂಟರಿಗೆ ಹಾಕಿದರೆ ನಿಮ್ಮ ಸಭೆಯಲ್ಲೇ ಜಾತ್ರೆ ಆಗುತ್ತದೆ.

ಚಿತ್ರ ಅಥವಾ ವಿಡಿಯೋ ಮಾಡಿ ಕೊಡುವುದು

ಬೀಗಗಳ ಪೈಕಿ ನನಗೆ ಇಷ್ಟವಾದದ್ದು ಇದು. ಇದರಲ್ಲಿ ಪಾಸ್‌ವರ್ಡ್ ಇಲ್ಲ. ಪವರ್‌ಪಾಯಿಂಟ್‌ನಲ್ಲಿ 'ಪಿಕ್ಚರ್ ಪ್ರೆಸೆಂಟೇಷನ್' ಆಗಿ ಉಳಿಸುವ ದಾರಿ ಇದೆ. ಒಂದೊಂದು ಸ್ಲೈಡೂ ಒಂದೊಂದು ಚಿತ್ರವಾಗಿ ಗಟ್ಟಿಯಾಗುತ್ತದೆ. ಬರಹ, ಬಾಣದ ಗುರುತು, ಫೋಟೋ, ನಿಮ್ಮ ಹೆಸರು ಎಲ್ಲ ಒಂದೇ ಪದರ. ನಿಮ್ಮ ಹೆಸರಿನ ಪೆಟ್ಟಿಗೆಯನ್ನು ಒತ್ತಿ ಡಿಲೀಟ್ ಮಾಡುವ ಆಟ ನಿಂತು ಹೋಗುತ್ತದೆ. ಜೊತೆಗೆ ಕನ್ನಡ ಅಕ್ಷರ ಒಡೆಯುವ ತಲೆನೋವೂ ಇಲ್ಲ, ಯಾಕೆಂದರೆ ಅಲ್ಲಿ ಅಕ್ಷರವೇ ಇಲ್ಲ.

ಮಾತು, ಚಲನೆ ಬೇಕಿದ್ದರೆ 'ಕ್ರಿಯೇಟ್ ಎ ವಿಡಿಯೋ' ಕೊಟ್ಟು ಎಂಪಿ4 ಮಾಡಿ. ಸಮಯ ಹೊಂದಿಸದಿದ್ದರೆ ಸ್ಲೈಡಿಗೆ 5 ಸೆಕೆಂಡ್‌ನಂತೆ ಓಡಿಬಿಡುತ್ತದೆ. ಮೇಷ್ಟ್ರೊಬ್ಬರ ಒಂದು ಗಂಟೆ ಪಾಠ ಹಾಗೆ ನಾಲ್ಕು ನಿಮಿಷದಲ್ಲಿ ಮುಗಿದಿತ್ತು.

ಇದರ ಜೊತೆಗೇ ಮಾಡಬೇಕಾದ್ದು, ಚಿತ್ರದ ಗಾತ್ರ ಇಳಿಸುವುದು. ಕ್ಯಾಮೆರಾದಿಂದ ಬಂದ ಫೋಟೋ 6000 ಚುಕ್ಕೆ (ಪಿಕ್ಸೆಲ್) ಅಗಲ ಇರಬಹುದು. ಪ್ರೊಜೆಕ್ಟರ್‌ಗೆ 1920 ಬೇಕಾದಷ್ಟಾಯಿತು, ಎಷ್ಟೋ ಕಡೆ 1280 ಸಾಕು. ಸಣ್ಣದನ್ನು ಸಿಡಿಗೆ ಹಾಕಿ, ದೊಡ್ಡದನ್ನು ಮನೆಯಲ್ಲಿಡಿ. ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ದೊಡ್ಡ ಬ್ಯಾನರ್ ಪ್ರಿಂಟ್ ಹಾಕಲು ಹೊರಟರೆ ಒಡೆಯುತ್ತದೆ. ನಾಳೆ ಜಗಳ ಬಂದರೆ ಮೂಲ ಫೋಟೋ ನಿಮ್ಮ ಹತ್ತಿರ ಮಾತ್ರ ಇರುತ್ತದೆ. ಅದರ ಹಿಂದಿನ ಮುಂದಿನ ಶಾಟ್‌ಗಳೂ ಇರುತ್ತವೆ. ಯಾವ ಬೀಗಕ್ಕಿಂತಲೂ ಅದು ದೊಡ್ಡ ಸಾಕ್ಷಿ.

ಪೆಟ್ಟಿಗೆ ಪೂರ್ತಿ ಮುಚ್ಚುವುದು

7-ಜಿಪ್, ವೆರಾಕ್ರಿಪ್ಟ್ ಅಂತ ಫೈಲುಗಳನ್ನು ಒಟ್ಟಿಗೆ ಪಾಸ್‌ವರ್ಡ್ ಹಾಕಿ ಮುಚ್ಚುವ ಸಾಫ್ಟ್‌ವೇರ್‌ಗಳಿವೆ. ಎರಡೂ ಪುಕ್ಕಟೆ, ಎರಡೂ ಗಟ್ಟಿ. ಆದರೆ ಇವು ದಾರಿಯಲ್ಲಿ ಕಳೆದುಹೋಗುವ ಸಿಡಿಗೆ ಸರಿ. ಸಾಗರದ ಬಸ್ಸಿನಲ್ಲಿ ಬ್ಯಾಗ್ ಬಿಟ್ಟರೆ, ಕೊರಿಯರ್ ತಪ್ಪಿದರೆ ಯಾರಿಗೂ ಒಳಗಿನದು ಕಾಣುವುದಿಲ್ಲ. ಕೈಗೆ ಸೇರಿದವರು ಪಾಸ್‌ವರ್ಡ್ ಹಾಕಿ ತೆರೆದ ಮೇಲೆ ಮಾಮೂಲಿ ಫೈಲ್, ಮಾಮೂಲಿ ಕಾಪಿ. ಇನ್ನೊಂದು ತೊಡಕು: ವೆರಾಕ್ರಿಪ್ಟ್ ಮೊದಲೇ ಹಾಕಿರದ ಕಂಪ್ಯೂಟರಿನಲ್ಲಿ ಅದನ್ನು ತೆರೆಯಲು ಅಡ್ಮಿನ್ ಅಧಿಕಾರ ಬೇಕು. ಶಾಲೆಯ ಕಂಪ್ಯೂಟರಿನಲ್ಲಿ ಅದು ಸಿಗುವುದು ಕಷ್ಟ. 7-ಜಿಪ್ ಮಾಡುವಾಗ ಫೈಲಿನ ಹೆಸರನ್ನೂ ಮುಚ್ಚುವ ಟಿಕ್ ಹಾಕಿ, ಅಷ್ಟು ಸಾಕು.

ಡಿಸ್ಕಿನಲ್ಲೇ ಮಾಡುವ ಮಾಯ

"ಅಂಗಡಿಯಲ್ಲಿ ಸಿಗುವ ಸಿನಿಮಾ ಡಿವಿಡಿ ಸುಮ್ನೆ ಕಾಪಿ ಆಗಲ್ಲವಲ್ಲ, ಹಾಗೇ ಮಾಡಿ" ಅಂತ ಕೇಳುವವರು ಜಾಸ್ತಿ. ಅದರ ಕಥೆ ಕೇಳಿ.

ಸಿನಿಮಾ ಡಿವಿಡಿಯಲ್ಲಿ ಇರುವುದು ಸಿಎಸ್ಎಸ್ ಅನ್ನುವ ಬೀಗ, 1996ರ ಹೊತ್ತಿನದು. ಅದರ ಕೀಲಿ ಡಿಸ್ಕಿನ ಒಳ ಅಂಚಿನ ಒಂದು ವಿಶೇಷ ಜಾಗದಲ್ಲಿ ಕೂರುತ್ತದೆ. ನಾವು ಬರೆಯುವ ಸಾಮಾನ್ಯ ಡಿವಿಡಿ-ಆರ್‌ನಲ್ಲಿ ಆ ಜಾಗಕ್ಕೆ ಬರೆಯಲು ಆಗುವುದಿಲ್ಲ. ಹಾಗಾಗಿ ಫ್ಯಾಕ್ಟರಿಯಲ್ಲಿ ಅಚ್ಚು ಒತ್ತಿಸಬೇಕು, ಲೈಸೆನ್ಸ್ ಬೇರೆ ಬೇಕು. ನಲವತ್ತು ಪ್ರತಿಗೆ ಯಾರು ಅಚ್ಚು ಮಾಡುತ್ತಾರೆ? ಇಷ್ಟೆಲ್ಲ ಮಾಡಿದ ಆ ಬೀಗದ ಕೀಲಿ ಬರೀ 40 ಬಿಟ್. ಅಂದರೆ ಸುಮಾರು 1.1 ಲಕ್ಷ ಕೋಟಿ ಬಗೆಯ ಕೀಲಿ. ನಮಗೆ ದೊಡ್ಡ ಲೆಕ್ಕ, ಕಂಪ್ಯೂಟರಿಗೆ ಸಣ್ಣದು. 1999ರಲ್ಲೇ ಅದನ್ನು ಬಿಡಿಸುವ ಡಿಸಿಎಸ್ಎಸ್ ಅನ್ನುವ ಪ್ರೋಗ್ರಾಂ ಹೊರಬಂತು. ಅದರ ಹಿಂದಿದ್ದವರಲ್ಲಿ ನಾರ್ವೆಯ ಯೋನ್ ಲೆಕ್ ಯೋಹಾನ್ಸನ್ ಒಬ್ಬರು, ಆಗಿನ್ನೂ ಹದಿಹರೆಯದ ಹುಡುಗ. ಕೇಸು ನಡೆದು 2003ರಲ್ಲಿ ಅವರು ಖುಲಾಸೆಯಾದರು.

ಹಾಡಿನ ಸಿಡಿಗಳ ಕಥೆ ಇನ್ನೂ ಮಜಾ. 2002ರಲ್ಲಿ ಕೆಲವು ಕಂಪನಿಗಳು ಡಿಸ್ಕಿನ ಹೊರ ಅಂಚಿನಲ್ಲಿ ಕಂಪ್ಯೂಟರನ್ನು ಗೊಂದಲಕ್ಕೆ ಹಾಕುವ ಒಂದು ಪಟ್ಟಿ ಬರೆದವು. ಜನ ಆ ಅಂಚಿಗೆ ಮಾರ್ಕರ್ ಪೆನ್ ಎಳೆದರು, ಬೀಗ ಬಿಚ್ಚಿತು. 2003ರಲ್ಲಿ ಇನ್ನೊಂದು ಬಗೆಯ ಬೀಗ ಬಂತು. ಸಿಡಿ ಹಾಕಿದ ಕೂಡಲೇ ತಾನೇ ಒಂದು ಪ್ರೋಗ್ರಾಂ ಓಡಿ ಕಾಪಿ ತಡೆಯುತ್ತಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಅನ್ನುವ ವಿದ್ಯಾರ್ಥಿ ಅದನ್ನು ಬಿಡಿಸಿದ್ದು ಹೇಗೆ ಗೊತ್ತಾ? ಸಿಡಿ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಸಾಕು, ಆ ಪ್ರೋಗ್ರಾಂ ಓಡುವುದೇ ಇಲ್ಲ. 2005ರಲ್ಲಿ ಸೋನಿ ಬಿಎಂಜಿ ಇನ್ನೂ ಮುಂದೆ ಹೋಯಿತು. ಅವರ ಸಿಡಿ ಹಾಕಿದರೆ ಕಂಪ್ಯೂಟರಿನೊಳಗೆ ಯಾರಿಗೂ ಕಾಣದ ಹಾಗೆ ಒಂದು ಪ್ರೋಗ್ರಾಂ ಅಡಗಿ ಕೂರುತ್ತಿತ್ತು. ಕಂಪ್ಯೂಟರ್ ತಜ್ಞ ಮಾರ್ಕ್ ರುಸಿನೋವಿಚ್ ಅದನ್ನು ಪತ್ತೆ ಹಚ್ಚಿ ಬರೆದರು. ಕೇಸುಗಳು ಬಿದ್ದವು, ಕಂಪನಿ ಸಿಡಿಗಳನ್ನೇ ವಾಪಸ್ ತೆಗೆದುಕೊಳ್ಳಬೇಕಾಯಿತು. ಕಳ್ಳನಿಗೆ ಏನೂ ಆಗಲಿಲ್ಲ. ದುಡ್ಡು ಕೊಟ್ಟು ತಂದವರ ಕಂಪ್ಯೂಟರ್ ಹಾಳಾಯಿತು.

ಬೇಕಂತಲೇ ಓದಲಾಗದ ಜಾಗ ಬರೆಯುವುದು, ಫೈಲಿನ ಗಾತ್ರ ಸುಳ್ಳು ತೋರಿಸುವುದು, ಫೈಲ್ ಅಡಗಿಸುವುದು, ಇಂಥ ಟ್ರಿಕ್ ಮಾಡುವ ಸಾಫ್ಟ್‌ವೇರ್‌ಗಳೂ ಇವೆ. ನಾನೂ ಒಂದು ಕಾಲದಲ್ಲಿ ಮಾಡಿಕೊಟ್ಟಿದ್ದೇನೆ. ಅಡಗಿಸಿದ ಫೈಲ್ 'ಹಿಡನ್ ಐಟಮ್ಸ್' ಟಿಕ್ ಹಾಕಿದರೆ ಕಾಣುತ್ತದೆ. ಇಡೀ ಡಿಸ್ಕನ್ನು ಐಎಸ್ಒ ಇಮೇಜ್, ಅಂದರೆ ಒಂದೇ ಫೈಲಿನ ಪಡಿಯಚ್ಚು, ಮಾಡಿದರೆ ಅಡಗಿದ್ದೂ ಜೊತೆಗೇ ಬರುತ್ತದೆ. ಓದಲಾಗದ ಜಾಗ ಬರೆದ ಡಿಸ್ಕ್ ಹಳೇ ಡ್ರೈವ್‌ನಲ್ಲಿ ಓಡುವುದೇ ಇಲ್ಲ. ನಮ್ಮ ಮಲೆನಾಡಲ್ಲಿ ಬೇರೆ ಸಿಡಿಗೆ ಕಷ್ಟ ಕಡಿಮೆಯೇ? ಆಗುಂಬೆ, ಹುಲಿಕಲ್ ಕಡೆ ಆಷಾಢದಲ್ಲಿ ಕಪಾಟಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ. ಸಿಡಿ ತಾನಾಗಿಯೇ ಕೆಡುವ ಊರಿನಲ್ಲಿ ನಾವೇ ದುಡ್ಡು ಕೊಟ್ಟು ಕೆಡಿಸುವುದು ಬೇಡ.

ಇನ್ನೂ ಒಂದಿದೆ. ಬೀಗಕ್ಕೆ ವಯಸ್ಸಾಗುತ್ತದೆ. ಗೇಮ್ ಸಿಡಿಗಳಿಗೆ ಸೇಫ್‌ಡಿಸ್ಕ್ ಅನ್ನುವ ಬೀಗ ಇತ್ತು. 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಒಳಗೆ ಬಿಡಲಿಲ್ಲ. ದುಡ್ಡು ಕೊಟ್ಟು ತಂದ ಗೇಮ್‌ಗಳು ಆಡಲಾಗದೆ ಹೋದವು. ಒಬ್ಬರು ಮೇಡಂ ತಮ್ಮ ಹಳೇ ವಿಜ್ಞಾನ ಪಾಠದ ಸಿಡಿ ತಂದಿದ್ದರು. ಕಾಪಿ ಆಗಬಾರದು ಅಂತ ಎಲ್ಲವನ್ನೂ ಫ್ಲ್ಯಾಶ್ (ಆಗ ಬ್ರೌಸರ್‌ನಲ್ಲಿ ಅನಿಮೇಷನ್ ಓಡಿಸುತ್ತಿದ್ದ ಸಾಫ್ಟ್‌ವೇರ್) ಮಾಡಿಸಿ, ಬ್ರೌಸರ್‌ನಲ್ಲಿ ತೆರೆಯುವ ಹಾಗೆ ಇಟ್ಟಿದ್ದರು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಮೂಲ ಫೈಲ್ ಇದ್ದ ಕಂಪ್ಯೂಟರ್ ಗುಜರಿಗೆ ಹೋಗಿತ್ತು. ತಮ್ಮದೇ ಪಾಠದ ಹೊರಗೆ ತಾವೇ ನಿಂತಿದ್ದರು ಪಾಪ.

ಡಾಂಗಲ್, ಆನ್‌ಲೈನ್

ಹಿಂದೆ ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಸಾಫ್ಟ್‌ವೇರ್ ಜೊತೆ ಡಾಂಗಲ್ ಅನ್ನುವ ಒಂದು ಸಣ್ಣ ತುಂಡು, ಕೀಲಿಯ ಥರ, ಬರುತ್ತಿತ್ತು. ಕಂಪ್ಯೂಟರಿನ ಹಿಂದೆ ಚುಚ್ಚಿದ್ದರೆ ಮಾತ್ರ ಕೆಲಸ. ಪ್ರೆಸೆಂಟೇಷನ್‌ಗೂ ಹಾಗೆ ಮಾಡಬಹುದು, ಅಥವಾ ಒಂದೊಂದು ಕಂಪ್ಯೂಟರಿಗೂ ಬೇರೆ ಬೇರೆ ಆ್ಯಕ್ಟಿವೇಷನ್ ನಂಬರ್ ಕೊಡಬಹುದು. ಯೋಚನೆಯಿಲ್ಲದೆ ಕಾಪಿ ಹೊಡೆಯುವವರನ್ನು ಇವು ಚೆನ್ನಾಗಿಯೇ ತಡೆಯುತ್ತವೆ. ಆದರೆ ಆಮೇಲೆ ನೀವು ಪಾಠ ಮಾಡುವವರಲ್ಲ, ಸರ್ವೀಸ್ ಸೆಂಟರ್. ಕಂಪ್ಯೂಟರ್ ಫಾರ್ಮ್ಯಾಟ್ ಆಯ್ತು, ಆಂಟಿವೈರಸ್ ಬಿಡ್ತಿಲ್ಲ, ಡಾಂಗಲ್ ಇಲಿ ಎತ್ಕೊಂಡು ಹೋಯ್ತು ಅಂತ ರಾತ್ರಿ ಒಂಬತ್ತಕ್ಕೆ ಫೋನ್. ಕೋರ್ಸನ್ನೇ ವ್ಯಾಪಾರ ಮಾಡಿಕೊಂಡವರಿಗೆ, ಒಂದೊಂದು ಪ್ರತಿಗೂ ಸಾವಿರಗಟ್ಟಲೆ ಬರುವವರಿಗೆ ಮಾತ್ರ ಇದು ಗಿಟ್ಟುತ್ತದೆ.

ಗೂಗಲ್ ಡ್ರೈವ್‌ನಲ್ಲಿ ಇಟ್ಟು, ನೋಡಲು ಮಾತ್ರ ಬಿಟ್ಟು, ಡೌನ್‌ಲೋಡ್ ತಡೆಯುವುದೂ ಉಂಟು. ಬೇಡ ಅನಿಸಿದ ದಿನ ಬಾಗಿಲು ಹಾಕಬಹುದು, ಅದೊಂದು ಒಳ್ಳೆಯದು. ಸ್ಕ್ರೀನ್‌ಶಾಟ್ ತಡೆಯುವುದಿಲ್ಲ. ಮತ್ತೆ ಹೊಸನಗರದ ಆಚೆ ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್ ಹುಡುಕುವವರಿಗೆ ಲಿಂಕ್ ಕಳಿಸಿ ಏನು ಮಾಡುವುದು?

ಪಾತ್ರೆಗೆ ಹೆಸರು ಹಾಕಿಸಿದ ಹಾಗೆ

ನಮ್ಮಲ್ಲಿ ಮದುವೆ, ಉಪನಯನಕ್ಕೆ ಕೊಳಗ, ಕೊಪ್ಪರಿಗೆ, ಹಂಡೆ ಮನೆಯಿಂದ ಮನೆಗೆ ಹೋಗುತ್ತವೆ. ಅದಕ್ಕೆ ಯಾರಾದರೂ ಬೀಗ ಹಾಕುತ್ತಾರಾ? ಹೆಸರು ಹಾಕಿಸುತ್ತಾರೆ. ಪಾತ್ರೆ ಊರೆಲ್ಲ ತಿರುಗಲಿ, ಕೊನೆಗೆ ಯಾರ ಮನೆಯದು ಅಂತ ಗೊತ್ತಾಗುತ್ತದೆ. ಹೆಸರು ಇರುವ ಪಾತ್ರೆಯನ್ನು ಅಟ್ಟಕ್ಕೆ ಹಾಕಿಕೊಳ್ಳಲು ಯಾರಿಗಾದರೂ ಮುಜುಗರ. ಹೊಸನಗರದವರಿಗೆ ನಾನು ಹೇಳಿದ್ದೂ ಇದನ್ನೇ. ಅವರ ತೊಂದರೆ ಜನ ನೋಡುತ್ತಾರೆ ಅನ್ನುವುದಾಗಿರಲಿಲ್ಲ. ಹೆಸರು ಹೋಯಿತು ಅನ್ನುವುದಾಗಿತ್ತು.

ಹೆಸರು ಎಲ್ಲಿ ಹಾಕಬೇಕು ಅನ್ನುವುದೇ ಮುಖ್ಯ. ಅವರು ಮೊದಲು ಕೆಳಗೆ ಪಟ್ಟಿಯಲ್ಲಿ ಹಾಕಿದ್ದರು, ಒಂದೇ ಕತ್ತರಿಗೆ ಹೋಯಿತು. ಈಗ ರೋಗದ ಗುರುತಿನ ಪಕ್ಕದಲ್ಲೇ, ತೆಳುವಾಗಿ, ಓರೆಯಾಗಿ ಹಾಕಿದೆವು. ಹೆಸರು ಕತ್ತರಿಸಿದರೆ ಕೊಳೆತ ಅಡಿಕೆಯೂ ಕತ್ತರಿಸಿ ಹೋಗಬೇಕು, ಹಾಗೆ. ಪವರ್‌ಪಾಯಿಂಟ್‌ನ ಸ್ಲೈಡ್ ಮಾಸ್ಟರ್‌ನಲ್ಲಿ (ಎಲ್ಲ ಸ್ಲೈಡಿಗೂ ಅನ್ವಯವಾಗುವ ಮೂಲ ಹಾಳೆ) ಒಂದೇ ಸಲ ಹಾಕಿಬಿಡೋಣ ಅಂತ ನೋಡಿದರೆ ಒಂದು ತೊಂದರೆ: ಮಾಸ್ಟರ್‌ನಲ್ಲಿ ಬರೆದದ್ದು ಫೋಟೋದ ಹಿಂದೆ ಹೋಗಿ ಅಡಗುತ್ತದೆ. ಅದಕ್ಕೆ ಫೋಟೋಗಳ ಮೇಲೆಯೇ ಮೊದಲು ಹೆಸರು ಒತ್ತಿ, ಆಮೇಲೆ ಸ್ಲೈಡಿಗೆ ತರಬೇಕು. ಇರ್ಫಾನ್‌ವ್ಯೂ ಥರದ ಸಾಫ್ಟ್‌ವೇರ್‌ನಲ್ಲಿ ನೂರಾರು ಫೋಟೋಗೆ ಒಟ್ಟಿಗೇ ಹಾಕಬಹುದು. ಆದರೆ ಅದು ಎಲ್ಲದಕ್ಕೂ ಒಂದೇ ಜಾಗಕ್ಕೆ ಹಾಕುತ್ತದೆ. ಮುಖ್ಯವಾದ ಇಪ್ಪತ್ತು ಮೂವತ್ತಕ್ಕೆ ಕೈಯಲ್ಲೇ ಹಾಕಿ.

ಈಗಿನ ಮೊಬೈಲ್‌ಗಳಲ್ಲಿ ಬೆರಳು ಸವರಿದರೆ ಬರಹ ಅಳಿಸುವ ಸೌಲಭ್ಯ ಬಂದಿದೆ. ಹಾಗಾಗಿ ಕಾಣುವ ಹೆಸರಿನ ಜೊತೆ ಕಾಣದ ಗುರುತೂ ಬೇಕು. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ, ಪೆನ್ನು ಕಾಗದ ಸಾಕು. ನಾವು ಮಾಡಿದ್ದು ಹೀಗೆ. 140 ಸ್ಲೈಡ್‌ನಲ್ಲಿ ಆರು ಜಾಗ ಆರಿಸಿಕೊಂಡೆವು. ಒಂದೊಂದು ಜಾಗದಲ್ಲಿ ಎರಡು ಬಗೆಯಲ್ಲಿ ಬರೆಯಬಹುದಾದ ಮಾತು ಇರಬೇಕು. ಒಂದು ಕಡೆ 'ಕೊಳೆರೋಗ' ಅಥವಾ 'ಕೊಳೆ ರೋಗ'. ಇನ್ನೊಂದು ಕಡೆ, ಕೊಳೆರೋಗಕ್ಕೆ ಸಿಂಪಡಿಸುವ ದ್ರಾವಣದ ಹೆಸರು, 'ಬೋರ್ಡೋ' ಅಥವಾ 'ಬೋರ್ಡೊ'. ಮತ್ತೊಂದು ಕಡೆ 'ಶೇ. 1' ಅಥವಾ 'ಶೇಕಡಾ 1'. ಹೀಗೆ ಆರು. ಎರಡೆರಡರಂತೆ ಆರು ಸಲ ಗುಣಿಸಿದರೆ 64 ಬಗೆ ಆಗುತ್ತದೆ. ನಲವತ್ತು ಸಿಡಿಗೆ ಧಾರಾಳ. ಐದೇ ಜಾಗ ಆಗಿದ್ದರೆ 32, ಎಂಟು ಕಡಿಮೆ ಬೀಳುತ್ತಿತ್ತು. ಯಾವ ಸಂಘಕ್ಕೆ ಯಾವ ಜೋಡಣೆ ಹೋಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟೆವು. ನಾಳೆ ಎಲ್ಲೋ ಈ ಸ್ಲೈಡ್‌ಗಳು ಪೂರ್ತಿ ಕಂಡರೆ ಆರು ಜಾಗ ನೋಡಿ ಯಾವ ಸಿಡಿಯಿಂದ ಹೊರಟಿತು ಅಂತ ಹೇಳಬಹುದು. ಒಂದೆರಡೇ ಸ್ಲೈಡ್ ಎತ್ತಿದ್ದರೆ ಇದು ಪೂರ್ತಿ ಹೇಳುವುದಿಲ್ಲ. ಅದಕ್ಕೆ ಗುರುತುಗಳನ್ನು ಜನ ಎತ್ತುವಂಥ ಒಳ್ಳೆಯ ಸ್ಲೈಡ್‌ಗಳಲ್ಲೇ ಇಡಬೇಕು.

ಇದರ ಜೊತೆ ಒಂದೊಂದು ಸಿಡಿಯ ಮೊದಲ ಸ್ಲೈಡಿನಲ್ಲಿ ಆ ಸಂಘದ ಹೆಸರು ದೊಡ್ಡದಾಗಿ: 'ಈ ಪ್ರತಿ ಇಂಥವರಿಗೆ'. ನನ್ನ ಅನುಭವದಲ್ಲಿ ಅರ್ಧ ಕಾಪಿ ಅಲ್ಲೇ ನಿಲ್ಲುತ್ತದೆ. ತಮ್ಮ ಹೆಸರು ಬರೆದ ಸಿಡಿಯನ್ನು ಕಾರ್ಯದರ್ಶಿಗಳು ಸುಮ್ನೆ ಯಾರಿಗೂ ಎತ್ತಿ ಕೊಡುವುದಿಲ್ಲ. ನಲವತ್ತು ಬೇರೆ ಬೇರೆ ಪ್ರತಿ ಮಾಡಲು ನನಗೆ ಎರಡು ದಿನ ಹಿಡಿಯಿತು. ಒಂದೇ ಮೂಲದಿಂದ ನಲವತ್ತು ಬರೆಯುವುದಕ್ಕಿಂತ ಇದು ದುಬಾರಿ, ಅದನ್ನು ಮುಚ್ಚಿಡುವುದಿಲ್ಲ.

ಕಾನೂನು ಎಷ್ಟು ಕೈ ಹಿಡಿಯುತ್ತದೆ

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ತೆಗೆದ, ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಇದ್ದರೆ ಸಾಕ್ಷಿಗೆ ಅನುಕೂಲ. ಗೊತ್ತಿದ್ದೂ ಹಕ್ಕು ಮುರಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. 2012ರ ತಿದ್ದುಪಡಿಯಲ್ಲಿ ಎರಡು ಹೊಸ ಸೆಕ್ಷನ್ ಸೇರಿದವು. ಹಕ್ಕು ಮುರಿಯುವುದಕ್ಕಾಗಿ ಬೀಗ ಒಡೆದರೆ 65ಎ. ಕೃತಿಯ ಮೇಲಿನ ಹಕ್ಕಿನ ಮಾಹಿತಿ, ಅಂದರೆ ಮಾಡಿದವರ ಹೆಸರಿನಂಥದ್ದು, ಗೊತ್ತಿದ್ದೂ ಅನುಮತಿಯಿಲ್ಲದೆ ತೆಗೆದರೆ 65ಬಿ. ಎರಡಕ್ಕೂ 2 ವರ್ಷದವರೆಗೆ ಜೈಲು, ದಂಡ. ಹೆಸರು ಹಾಕಿಸುವುದರ ಇನ್ನೊಂದು ಲಾಭ ಇಲ್ಲಿದೆ. ಇಲ್ಲದ ಹೆಸರನ್ನು ಕತ್ತರಿಸಿದರು ಅಂತ ದೂರು ಕೊಡಲಾಗುವುದಿಲ್ಲವಲ್ಲ.

ಆದರೆ ಎಲ್ಲವೂ ನಿಮ್ಮದಲ್ಲ ಅನ್ನುವುದೂ ನೆನಪಿರಲಿ. ಹೊಸನಗರದವರು ಬೋರ್ಡೋ ದ್ರಾವಣದ ಸ್ಲೈಡಿನ ಮೇಲೂ ತಮ್ಮ ಹಕ್ಕು ಅಂತ ಬರೆಸಲು ಹೊರಟಿದ್ದರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಯಾರ ಮನೆಯ ಆಸ್ತಿಯೂ ಅಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ಸಿಂಪಡಣೆ ಹೇಳಿಕೊಟ್ಟು ನೂರು ವರ್ಷದ ಮೇಲಾಯಿತು. ವಿಷಯಕ್ಕೆ ಹಕ್ಕಿಲ್ಲ, ನೀವು ಅದನ್ನು ಹೇಳಿದ ರೀತಿಗೆ, ತೆಗೆದ ಚಿತ್ರಕ್ಕೆ ಹಕ್ಕು. ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯವಾಗಿ ಬಳಸಿಕೊಳ್ಳುವುದಕ್ಕೂ ಕಾಯ್ದೆಯಲ್ಲಿ ಜಾಗ ಇದೆ. ಕೆಲಸಕ್ಕಿರುವ ಸಂಸ್ಥೆಗಾಗಿ ಮಾಡಿದ ಸ್ಲೈಡ್ ಸಾಮಾನ್ಯವಾಗಿ ಸಂಸ್ಥೆಯದು. ಬೇರೆಯವರಿಗೆ ಹಕ್ಕು ಬರೆದುಕೊಡುವಾಗ ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ.

ಕೊನೆಗೆ ಅವರ ಸಿಡಿಯಲ್ಲಿ ಹೋದದ್ದು ಪಿಕ್ಚರ್ ಪ್ರೆಸೆಂಟೇಷನ್, 1280 ಗಾತ್ರದ ಚಿತ್ರ, ಎರಡು ಬಗೆಯ ಗುರುತು. ಪಾಸ್‌ವರ್ಡ್ ಹಾಕಲಿಲ್ಲ. ಟ್ಯೂಷನ್ ಮೇಷ್ಟ್ರಿಗಾದರೆ ನಾನು ಬೇರೆ ಹೇಳುತ್ತೇನೆ. ಪ್ರಶ್ನೆಪತ್ರಿಕೆ ಇರುವ ಸಿಡಿಗೆ ಉದ್ದದ ಪಾಸ್‌ವರ್ಡ್ ಇರುವ 7-ಜಿಪ್, ಪರೀಕ್ಷೆಯ ದಿನ ಬೆಳಿಗ್ಗೆ ಪಾಸ್‌ವರ್ಡ್ ಫೋನಿನಲ್ಲಿ. ಯಕ್ಷಗಾನ ಕಲಿಸುವವರಿಗೆ ಹೆಸರು ಒತ್ತಿದ ವಿಡಿಯೋ, ಮುಖ್ಯವಾದ ಹೆಜ್ಜೆ ಸಿಡಿಯಲ್ಲಿ ಹಾಕದೆ ಎದುರಿಗೆ ಕೂತವರಿಗೆ ಮಾತ್ರ.

ಬರೆದು ಮುಗಿಸಿದ ಮೇಲೆ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಹಿಂದಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟಿದ್ದೇನೆ. ಅದರಲ್ಲಿ ಕನ್ನಡ ಫಾಂಟ್ ಜಾಸ್ತಿ ಇಲ್ಲ, ಡ್ರೈವ್ ಕಿರ್ರ್ ಅನ್ನುತ್ತದೆ. ಒಂದು ಸಿಡಿ ಅದಕ್ಕೆ ಹಾಕಿ, ಅಂಗಡಿಯ ಹುಡುಗನಿಗೆ ಕಾಲು ಗಂಟೆ ಕೊಟ್ಟು, ಕದಿಯೋ ನೋಡೋಣ ಅನ್ನುತ್ತೇನೆ. ಹೊಸನಗರದವರ ಸಿಡಿಯಿಂದ ಅವನು ಎಂಟು ಫೋಟೋ ತೆಗೆದ. ಎಂಟರಲ್ಲೂ ಹೆಸರಿತ್ತು. ಒಂದರಲ್ಲಿ ಕಾಳುವಿನ ಬಾಲವೂ ಇತ್ತು, ಅದನ್ನು ಬೇಕಂತಲೇ ಬಿಟ್ಟಿದ್ದೆವು.